ಅತ್ತೆಯವರೋ, ಮುದುಕಿಯೋ? ಕಥೆಯನ್ನು ನೋಡುತ್ತಿರುವವರು ಯಾರು

ಪ್ರಶ್ನೆ: ನಾನು ಮಲ್ಲೇಶ್ವರದವಳು. ಬ್ಯಾಂಕ್ ಕೆಲಸದಿಂದ ನಿವೃತ್ತಿಯಾಗಿ ಎರಡು ವರ್ಷವಾಯಿತು. ಈಗ ಕಥೆ ಬರೆಯಲು ಶುರು ಮಾಡಿದ್ದೇನೆ. ಹಳೇ ಮನೆಯೊಂದನ್ನು ಬಿಲ್ಡರ್‌ಗೆ ಕೊಡುವ ದಿನದ ಬಗ್ಗೆ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದ್ದೆ. 'ಚೆನ್ನಾಗಿದೆ, ಆದರೆ ದೃಷ್ಟಿಕೋನ ಜಾರುತ್ತದೆ' ಎಂದು ಒಂದೇ ಸಾಲು ಬರೆದು ವಾಪಸ್ ಕಳಿಸಿದರು. ಇಡೀ ಕಥೆ 'ಅವಳು' ಅಂತಲೇ ಇದೆ, ಎಲ್ಲೂ 'ನಾನು' ಬಂದಿಲ್ಲ. ಹಾಗಿದ್ದ ಮೇಲೆ ಜಾರುವುದೆಲ್ಲಿ? ಪ್ರಥಮ ಪುರುಷದಲ್ಲಿ ಬರೆದರೆ ಸರಿಹೋಗುತ್ತಾ? ಇಡೀ ಕಥೆಯನ್ನು ಜೊತೆಗಿಟ್ಟಿದ್ದೇನೆ. ಕಥೆಯ ಕೊನೆಯಲ್ಲಿ ಮನೆಯವರು ಯಲಹಂಕಕ್ಕೆ ಹೋದ ಮೇಲೆ ಹಿತ್ತಲಿನ ಸಂಪಿಗೆ ಮರ ಕಡಿಯುತ್ತಾರೆ.

ಉತ್ತರ:

ನಮಸ್ಕಾರ. ಮೊದಲು ಆ 'ಪ್ರಥಮ ಪುರುಷ'ದ ಗಂಟು ಬಿಡಿಸಿಬಿಡೋಣ. ನಾನು ನಡೆಸುವ ಕಥಾ ಕಮ್ಮಟಗಳಲ್ಲಿ ಪ್ರತಿ ಸಲ ಅರ್ಧ ಗಂಟೆ ಇದಕ್ಕೇ ಹೋಗುತ್ತದೆ. ನಮ್ಮ ವ್ಯಾಕರಣದಲ್ಲಿ ನಾನು, ನಾವು ಎನ್ನುವುದು ಉತ್ತಮ ಪುರುಷ. ನೀನು, ನೀವು ಮಧ್ಯಮ ಪುರುಷ. ಅವನು, ಅವಳು, ಅದು ಪ್ರಥಮ ಪುರುಷ. ಅನ್ಯ ಪುರುಷ ಅಂತಲೂ ಕರೆಯುತ್ತಾರೆ. ಇಂಗ್ಲಿಷಿನ 'ಫಸ್ಟ್ ಪರ್ಸನ್' ಅನ್ನು ಪದಕ್ಕೆ ಪದ ಇಟ್ಟು 'ಪ್ರಥಮ ಪುರುಷ' ಅಂದರೆ ಅರ್ಥ ಪೂರ್ತಿ ತಿರುಗಿಬೀಳುತ್ತದೆ. ವ್ಯಾಕರಣದ ಲೆಕ್ಕದಲ್ಲಿ ನಿಮ್ಮ ಕಥೆ ಈಗಾಗಲೇ ಪ್ರಥಮ ಪುರುಷದಲ್ಲೇ ಇದೆ! ಅದಕ್ಕೇ ನಾನು ಈ ಪದಗಳನ್ನು ಬಿಟ್ಟುಬಿಟ್ಟಿದ್ದೇನೆ. 'ನಾನು-ಕಥೆ', 'ಅವಳು-ಕಥೆ' ಅಂದರೆ ಸಾಕು, ಯಾರಿಗೂ ಗೊಂದಲವಿಲ್ಲ.

ಇನ್ನು ಜಾರುವ ವಿಷಯ. ಕಥೆಯನ್ನು ಯಾರು ಹೇಳುತ್ತಿದ್ದಾರೆ ಎನ್ನುವುದು ಒಂದು ಪ್ರಶ್ನೆ. ಯಾರ ಕಣ್ಣಿಂದ ಕಾಣುತ್ತಿದೆ ಎನ್ನುವುದು ಇನ್ನೊಂದು. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ತೊಂದರೆ ಶುರುವಾಗುತ್ತದೆ. ಫ್ರಾನ್ಸಿನ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಇವೆರಡನ್ನೂ ಬೇರೆ ಬೇರೆ ಮಾಡಿ ತೋರಿಸಿದ. ನಮಗೆ ಇದು ಹೊಸದೇನಲ್ಲ. ಯಕ್ಷಗಾನ ನೋಡಿದವರಿಗೆ ಗೊತ್ತು: ಭಾಗವತರು ಹಾಡುತ್ತಾರೆ, ಕಥೆ ಅವರ ಬಾಯಲ್ಲಿದೆ. ಪಾತ್ರಧಾರಿ ಅರ್ಥ ಹೇಳುವಾಗ ಅದೇ ಕಥೆ 'ನಾನು' ಆಗುತ್ತದೆ. ವೇಷವೇ ಇಲ್ಲದ ತಾಳಮದ್ದಳೆಯಲ್ಲೂ ಯಾರು ಯಾವಾಗ ಯಾರಾಗಿ ಮಾತಾಡುತ್ತಿದ್ದಾರೆ ಎಂಬುದು ಕೂತವರಿಗೆ ತಪ್ಪುವುದಿಲ್ಲ. ಅಲ್ಲಿ ದನಿ ಇದೆ, ರಾಗ ಇದೆ, ಚೆಂಡೆ ಮದ್ದಳೆ ಇದೆ. ಕಾಗದದ ಮೇಲೆ ಅದ್ಯಾವುದೂ ಇಲ್ಲ. ಬರೀ ಪದ. ಹಾಗಾಗಿ ಪದದಲ್ಲೇ ಆ ಕೆಲಸ ಆಗಬೇಕು.

ಈಗ ನಿಮ್ಮ ಕಥೆಯ ಒಂದು ತುಣುಕು:

"ವಸುಧಾ ಬಾಗಿಲು ತೆಗೆದಳು. ಬಿಲ್ಡರ್ ಒಳಗೆ ಬಂದ. ಈ ಜಾಗದಲ್ಲಿ ಕಡಿಮೆ ಅಂದರೂ ಹನ್ನೆರಡು ಫ್ಲ್ಯಾಟ್ ಬರುತ್ತೆ ಅಂತ ಲೆಕ್ಕ ಹಾಕಿದ. ಸಾವಿತ್ರಮ್ಮ ಅವರೆಕಾಳು ಹಿತುಕುತ್ತಿದ್ದಳು. ಮುದುಕಿಗೆ ಒಳಗೊಳಗೇ ಅಳು ಬಂದಿತ್ತು. ಅತ್ತೆಯವರ ಬೆರಳು ನಡುಗುತ್ತಿರುವುದನ್ನು ವಸುಧಾ ನೋಡಿದಳು."

ಒಂದು ಕೆಂಪು ಪೆನ್ ತಗೊಳ್ಳಿ. ಅವರೆಕಾಳು ಹಿತುಕುತ್ತಿರುವ ಹಿರಿಯರನ್ನು ನೀವು ಎಲ್ಲೆಲ್ಲಿ, ಹೇಗೆ ಕರೆದಿದ್ದೀರಿ ನೋಡಿ ಗೆರೆ ಎಳೆಯಿರಿ. 'ಸಾವಿತ್ರಮ್ಮ', ಅದರ ಜೊತೆ 'ಹಿತುಕುತ್ತಿದ್ದಳು'. ಮುಂದಿನ ಸಾಲಿನಲ್ಲಿ 'ಮುದುಕಿ'. ಅದರ ಮುಂದೆ 'ಅತ್ತೆಯವರು'. ಮೂರು ಸಾಲು, ಮೂರು ಹೆಸರು. ಆ ಹೆಂಗಸನ್ನು ಮುದುಕಿ ಅಂದುಕೊಳ್ಳುವವರು ಯಾರು? ಬಿಲ್ಡರ್ ಇರಬಹುದು. ವಸುಧಾ ಖಂಡಿತ ಅಲ್ಲ. ಆದರೆ ಮುದುಕಿಯ ಒಳಗಿನ ಅಳು ಬಿಲ್ಡರ್‌ಗೆ ಹೇಗೆ ಗೊತ್ತಾಯಿತು? ಅತ್ತೆಯವರು ಎನ್ನುವವಳು ವಸುಧಾ ಒಬ್ಬಳೇ. ಹಾಗಾದರೆ ಸಾವಿತ್ರಮ್ಮ 'ಹಿತುಕುತ್ತಿದ್ದಳು' ಎಂದು ಏಕವಚನದಲ್ಲಿ ಹೇಳಿದ್ದು ಯಾರು? ಅವರಿಬ್ಬರೂ ಅಲ್ಲ, ಮೂರನೆಯವರು ಯಾರೋ ಇದ್ದಾರೆ. ಸಂಪಾದಕರು 'ಜಾರುತ್ತದೆ' ಅಂದಿದ್ದು ಇದನ್ನೇ.

ಇಲ್ಲಿ ಕನ್ನಡದ ಒಂದು ಗುಣವನ್ನು ನಿಮ್ಮ ಗಮನಕ್ಕೆ ತರಬೇಕು. ಬಹಳ ವರ್ಷ ಕಥೆ ಓದಿ, ತಿದ್ದಿ ನನಗೆ ಅನಿಸಿದ್ದು ಇದು: ಕನ್ನಡದಲ್ಲಿ ಯಾವ ಕಡೆಗೂ ವಾಲದ 'ಅವಳು' ಅನ್ನುವುದೇ ಇಲ್ಲ. ಇಂಗ್ಲಿಷಿನಲ್ಲಿ 'ಶಿ' ಎಂದುಬಿಟ್ಟರೆ ರಾಣಿಯೂ ಅದೇ, ಕೆಲಸದವಳೂ ಅದೇ, ಹೆತ್ತ ತಾಯಿಯೂ ಅದೇ. ನಾವು ಹಾಗೆ ಬರೆಯಲಾರೆವು. ಪ್ರತಿ ಕ್ರಿಯಾಪದದ ಕೊನೆಯಲ್ಲೂ '-ಅಳು' ಹಾಕಬೇಕಾ, '-ಅರು' ಹಾಕಬೇಕಾ ಎಂದು ತೀರ್ಮಾನ ಮಾಡಲೇಬೇಕು. 'ಬಂದಳು' ಅಂದ ತಕ್ಷಣ ಹೇಳುವವರು ಅವಳಿಗಿಂತ ದೊಡ್ಡವರೋ, ಸಲಿಗೆಯವರೋ, ಇಲ್ಲಾ ಅವಳನ್ನು ಕೀಳಾಗಿ ನೋಡುವವರೋ ಆಗುತ್ತಾರೆ. 'ಬಂದರು' ಅಂದರೆ ಚಿಕ್ಕವರೋ, ಹೊರಗಿನವರೋ, ಮರ್ಯಾದೆ ಕೊಡುವವರೋ ಆಗುತ್ತಾರೆ. ಒಂದು ಅಕ್ಷರದಲ್ಲಿ ನಿರೂಪಕರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ಅದರ ಮೇಲೆ ಅತ್ತೆ, ದೊಡ್ಡಮ್ಮ, ಅಮ್ಮಾವ್ರು, ಮೇಡಂ, ಆಂಟಿ, ಅಜ್ಜಿ. ಒಬ್ಬರೇ ಮನುಷ್ಯರು, ಪ್ರತಿಯೊಂದು ಹೆಸರೂ ಬೇರೆಯವರ ಬಾಯಿಂದ ಬಂದದ್ದು.

ಇದನ್ನು ಅಡ್ಡಿ ಅಂದುಕೊಳ್ಳಬೇಡಿ. ಇಂಥ ಸಲಕರಣೆ ಎಷ್ಟು ಭಾಷೆಯವರಿಗೆ ಸಿಕ್ಕಿದೆ ಹೇಳಿ! ಸೊಸೆಯೊಬ್ಬಳು ಕಥೆಯುದ್ದಕ್ಕೂ 'ಅತ್ತೆ ಬಂದರು, ಅತ್ತೆ ಕೂತರು' ಎನ್ನುತ್ತಾ ಬಂದು, ಒಂದು ಕಡೆ, ಒಂದೇ ಒಂದು ಕಡೆ, 'ಬಂದಳು' ಅಂದರೆ ಸಾಕು. ಆ ಮನೆಯಲ್ಲಿ ಏನೋ ಮುರಿದುಬಿತ್ತು ಅಂತ ಓದುಗರ ಎದೆಗೆ ತಾಗುತ್ತದೆ. ಅದಕ್ಕೆ ಮುಂಚೆ ಹತ್ತು ಕಡೆ ನೀವೇ ಗೊತ್ತಿಲ್ಲದೆ 'ಬಂದಳು' ಬರೆದಿದ್ದರೆ ಆ ಪೆಟ್ಟು ವ್ಯರ್ಥ.

ಈಗ ನಿಮ್ಮದೇ ದೃಶ್ಯವನ್ನು ವಸುಧಾಳ ಕಣ್ಣಿಗೆ ಅಂಟಿಕೊಂಡು ಬರೆದು ನೋಡೋಣ. ಅವಳು-ಕಥೆಯಾಗಿಯೇ ಇರಲಿ.

"ಬಾಗಿಲು ತೆಗೆದರೆ ಬಿಲ್ಡರ್ ನಿಂತಿದ್ದ. ಶೂ ಬಿಚ್ಚಬೇಕಾ ಬೇಡವಾ ಅಂತ ಹಿಂದೆಮುಂದೆ ನೋಡಿ, ಬಿಚ್ಚಿಯೇ ಒಳಗೆ ಬಂದ. ಕಣ್ಣು ಮಾತ್ರ ಮಹಡಿ ಮೆಟ್ಟಿಲಿನಿಂದ ಹಿತ್ತಲ ಗೋಡೆಯ ತನಕ ಅಳತೆ ಹಿಡಿಯುತ್ತಿತ್ತು. ಅತ್ತೆ ತಲೆ ಎತ್ತಲಿಲ್ಲ. ಅವರೆಕಾಳು ಹಿತುಕುತ್ತಲೇ ಇದ್ದರು. ಹಿತುಕಿದ ಬೇಳೆ ಬಟ್ಟಲಿಗೆ ಬೀಳುವ ಬದಲು ಸಿಪ್ಪೆಯ ತಟ್ಟೆಗೆ ಬೀಳುತ್ತಿತ್ತು. ವಸುಧಾಗೆ ಹೇಳಬೇಕು ಅನಿಸಿತು. ಹೇಳಲಿಲ್ಲ."

ಹನ್ನೆರಡು ಫ್ಲ್ಯಾಟಿನ ಲೆಕ್ಕ ಹೋಯಿತು, ಯಾಕೆಂದರೆ ಅದು ವಸುಧಾಗೆ ಕಾಣುವುದಿಲ್ಲ. ಅವಳಿಗೆ ಕಾಣುವುದು ಅಳತೆ ಹಿಡಿಯುವ ಕಣ್ಣು. ಅತ್ತೆಯ ಅಳುವೂ ಹೋಯಿತು. ಅದರ ಬದಲು ತಪ್ಪು ತಟ್ಟೆಗೆ ಬೀಳುವ ಬೇಳೆ ಬಂತು. ಇಡೀ ಜೀವಮಾನ ಚಳಿಗಾಲ ಬಂತೆಂದರೆ ಅವರೆಕಾಳು ಹಿತುಕಿದ ಕೈ ತಪ್ಪುತ್ತಿದೆ ಅಂದರೆ ಅಳು ಅಂತ ಬೇರೆ ಹೇಳಬೇಕಾ? 'ಅಳು ಬಂದಿತ್ತು', 'ಬೇಜಾರಾಯಿತು', 'ಅನಿಸಿತು' ಇವೆಲ್ಲ ಒಳಗಿನ ಮಾತು. ಯಾರ ಒಳಗೆ ನಾವಿದ್ದೇವೋ ಅವರಿಗೆ ಮಾತ್ರ ಬಳಸಬೇಕು. ಉಳಿದವರಿಗೆ ಮುಖ, ಕೈ, ದನಿ, ಮೌನ. ತೀರಾ ಬೇಕಾದರೆ 'ಅಳು ಬಂದ ಹಾಗಿತ್ತು' ಅನ್ನಬಹುದು. ಆ 'ಹಾಗಿತ್ತು' ಸಣ್ಣ ಪದವೇ, ಆದರೆ ನೋಡುತ್ತಿರುವವರು ಹೊರಗಿದ್ದಾರೆ ಎಂಬುದನ್ನು ಒಪ್ಪಿಕೊಳ್ಳುತ್ತದೆ.

ನಿಮ್ಮ ಕಥೆಯಲ್ಲಿ ಗೌರಮ್ಮ ಅಂತ ಮನೆಕೆಲಸದವರೊಬ್ಬರು ಬರುತ್ತಾರೆ ಅಲ್ವಾ? ಎರಡು ಕಡೆ ಕಾಫಿ ಲೋಟ ತಂದಿಟ್ಟು ಹೋಗುತ್ತಾರೆ, ಅಷ್ಟೇ. ಅವರ ಬಾಯಲ್ಲಿ ನಾನು-ಕಥೆ ಮಾಡಿದರೆ ಏನಾಗುತ್ತದೆ ಎಂದು ನಾನೇ ಬರೆದು ನೋಡಿದೆ.

"ಅಮ್ಮಾವ್ರು ಅವತ್ತು ಅವರೆಕಾಳು ನನ್ನ ಕೈಗೆ ಕೊಡಲೇ ಇಲ್ಲ. ನಾನೇ ಹಿತುಕ್ತೀನಿ ಬಿಡೇ ಅಂದ್ರು. ಆವಯ್ಯ ಬಂದು ಹೋದ ಮೇಲೆ ನೋಡಿದರೆ ಬೇಳೆಯೆಲ್ಲ ಸಿಪ್ಪೆಯಲ್ಲಿ ಬಿದ್ದಿತ್ತು. ಆರಿಸಿ ತೊಳೆದಿಟ್ಟೆ. ಒಳಗೆ ಅದೇನು ಮಾತಾಯ್ತೋ. ಹನ್ನೆರಡು ಮನೆ ಬರುತ್ತಂತೆ. ಹನ್ನೆರಡು ಮನೆ ಬಂದರೆ ನನಗೊಂದೆರಡು ಮನೆ ಕೆಲಸ ಸಿಗುತ್ತಾ ಅಂತ ಕೇಳಬೇಕು ಅಂದುಕೊಂಡೆ. ಅವತ್ತು ಕೇಳುವುದಲ್ಲ ಅಂತ ಸುಮ್ನಾದೆ."

ವಸುಧಾಳ ಕಣ್ಣಿನಿಂದ ಜಾರಿಹೋಗಿದ್ದ ಆ ಹನ್ನೆರಡರ ಲೆಕ್ಕ ಇಲ್ಲಿ ಬೇರೆ ದಾರಿಯಲ್ಲಿ ವಾಪಸ್ ಬಂತು, ಅರ್ಥವೂ ಬದಲಾಯಿತು. ಮನೆಯವರಿಗೆ ಕಳೆದುಕೊಳ್ಳುವ ದಿನ, ಗೌರಮ್ಮನಿಗೆ ಕಳೆದುಕೊಳ್ಳುವುದೂ ಗಳಿಸುವುದೂ ಒಟ್ಟಿಗೇ ಬಂದ ದಿನ. ಘಟನೆ ಒಂದೇ. ನೋಡುವವರು ಬದಲಾದರು, ಕಥೆಯೇ ಬದಲಾಯಿತು. ದೃಷ್ಟಿಕೋನವನ್ನು ಬರೆದು ಮುಗಿಸಿದ ಮೇಲೆ ತಿದ್ದುವ ತಪ್ಪು ಅಂತ ನೋಡಬೇಡಿ. ಕಥೆ ಯಾವುದರ ಬಗ್ಗೆ ಎಂದು ತೀರ್ಮಾನ ಆಗುವುದೇ ಅಲ್ಲಿ.

'ನಾನು' ಅಂದರೆ ಕಥಾನಾಯಕ ಅಂತಲೂ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರ 1980ರ 'ಕರ್ವಾಲೊ' ಕಾದಂಬರಿ ನೆನಪಿಸಿಕೊಳ್ಳಿ. ಅಲ್ಲಿ 'ನಾನು' ಎನ್ನುವವರು ಬೇಸಾಯಗಾರರು, ಪಕ್ಕದಲ್ಲಿ ನಿಂತು ನೋಡುವವರು. ಕಥೆಯ ತೂಕ ಇರುವುದು ವಿಜ್ಞಾನಿ ಕರ್ವಾಲೊ ಮತ್ತು ಹಳ್ಳಿಯ ಮಂದಣ್ಣನ ಮೇಲೆ. ಹಾರುವ ಓತಿಯನ್ನು ಕಂಡವನು ಮಂದಣ್ಣ. ಒಂದು ಕ್ಷಣ ಯೋಚಿಸಿ, ಮಂದಣ್ಣನೇ ಆ ಕಥೆ ಹೇಳಿದ್ದರೆ? ಅವನಿಗೆ ಅದರಲ್ಲಿ ಆಶ್ಚರ್ಯವೇ ಇರುತ್ತಿರಲಿಲ್ಲ. ಕರ್ವಾಲೊ ಹೇಳಿದ್ದರೆ ಪ್ರಬಂಧ ಆಗುತ್ತಿತ್ತು. ಅರ್ಧ ನಂಬಿ ಅರ್ಧ ಅನುಮಾನ ಪಡುವ ಒಬ್ಬರು ಬೇಕಿತ್ತು. ಅವರ ಜೊತೆ ನಾವೂ ಮಂದಣ್ಣನನ್ನು ಮೊದಲು ಹಗುರವಾಗಿ ನೋಡುತ್ತೇವೆ, ಆಮೇಲೆ ನಮ್ಮ ನೋಟವನ್ನೇ ತಿದ್ದಿಕೊಳ್ಳುತ್ತೇವೆ.

ನೀವು ಕೇಳಬಹುದು: ಹಾಗಾದರೆ ಎಲ್ಲರ ಮನಸ್ಸಿನೊಳಗೂ ಹೋಗುವುದು ತಪ್ಪಾ? ಕುವೆಂಪು ಹೋಗಲಿಲ್ಲವಾ? ಹೋದರು. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಆರಂಭದಲ್ಲೇ ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಎಂದು ಹೇಳಿ, ಆ ಮಾತಿಗೆ ತಕ್ಕ ಹಾಗೆ ಒಡೆಯರು, ಆಳುಗಳು, ಗುತ್ತಿ ಎಂಬ ಆಳಿನ ನಾಯಿ ಹುಲಿಯ ಎಲ್ಲರಿಗೂ ಜಾಗ ಕೊಟ್ಟರು. ಆದರೆ ಅಲ್ಲಿ ಹೇಳುವ ಒಂದು ದನಿ ಇದೆ. ಆ ದನಿಗೆ ಅದರದ್ದೇ ನಡಿಗೆ ಇದೆ. ಎಲ್ಲರ ಒಳಗೂ ಹೋಗಿ ಬರುತ್ತದೆ, ಆದರೆ ತನ್ನ ಗುರುತು ಕಳೆದುಕೊಳ್ಳುವುದಿಲ್ಲ. ಎಲ್ಲವನ್ನೂ ಬಲ್ಲ ನಿರೂಪಕರಿಗೂ ಕಾಲೂರಲು ಒಂದು ನೆಲ ಬೇಕು. ನಿಮ್ಮ ಆರು ಸಾಲಿನಲ್ಲಿ ಆ ನೆಲ ಇಲ್ಲ, ಮೂವರ ಕಣ್ಣನ್ನು ಕಡ ತಂದದ್ದು ಮಾತ್ರ ಇದೆ.

ಒಂದು ಕಥೆಗೆ ಒಂದೇ ಕಣ್ಣು ಅನ್ನುವ ನಿಯಮವನ್ನು ಬರವಣಿಗೆ ಕಲಿಸುವ ಇಂಗ್ಲಿಷ್ ಪುಸ್ತಕಗಳು ಕಾನೂನಿನ ಹಾಗೆ ಹೇಳುತ್ತವೆ. ನಾನು ಅದನ್ನು ಕಾನೂನು ಅಂತ ಒಪ್ಪುವುದಿಲ್ಲ. ಹರಿಕಥೆಯಲ್ಲಿ ದಾಸರು ಒಂದೇ ಉಸಿರಿನಲ್ಲಿ ರಾಮನೂ ಆಗಿ, ಶಬರಿಯೂ ಆಗಿ, ಮಧ್ಯೆ ಸಭೆಯ ಕಡೆ ತಿರುಗಿ ಮಾತಾಡುವುದನ್ನು ಕೇಳಿ ಬೆಳೆದವರು ನಾವು. ನಿಮ್ಮ ಕೈ ಹಾಗೆ ಓಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಎಂಟು ಹತ್ತು ಪುಟದ ಸಣ್ಣಕಥೆಗೆ ಒಂದು ಕಣ್ಣೇ ಲೇಸು ಎನ್ನುವುದು ನನ್ನ ಅನುಭವ. ಜಾಗ ಚಿಕ್ಕದು. ಎರಡನೆಯ ಕಣ್ಣು ಪಳಗುವ ಹೊತ್ತಿಗೆ ಕಥೆಯೇ ಮುಗಿದಿರುತ್ತದೆ.

'ನೀನು' ಅಂತ ಸಂಬೋಧಿಸಿ ಬರೆಯುವ ರೀತಿಯೂ ಇದೆ. ನಿಮ್ಮ ಕಥೆಗೆ ಅದು ಬೇಡ.

ವಸುಧಾಳನ್ನೇ 'ನಾನು' ಮಾಡಿದರೆ ಸರಿಹೋಗುತ್ತಾ ಎನ್ನುವುದು ನಿಮ್ಮ ಪ್ರಶ್ನೆ. ಜಾರುವುದು ನಿಲ್ಲುತ್ತದೆ, ನಿಜ. ಆದರೆ ಹೊಸದೊಂದು ಪ್ರಶ್ನೆ ಬಾಗಿಲು ತಟ್ಟುತ್ತದೆ: ಮನೆ ಹೋಗುವುದು ವಸುಧಾಗೆ ಬೇಕಿತ್ತಾ, ಬೇಡವಾಗಿತ್ತಾ? ನಿಮ್ಮ ಕಥೆಯಲ್ಲಿ ಇದು ಎಲ್ಲೂ ಇಲ್ಲ. ಅವಳು-ಕಥೆಯಲ್ಲಿ ಹೇಗೋ ತಪ್ಪಿಸಿಕೊಂಡುಬಿಡಬಹುದು. 'ನಾನು' ಅಂದ ಮೇಲೆ ಆಗುವುದಿಲ್ಲ. ಅವಳು ಹೇಳಬೇಕು, ಇಲ್ಲವೇ ಮುಚ್ಚಿಡಬೇಕು. ಮುಚ್ಚಿಡುತ್ತಿದ್ದಾಳೆ ಎಂದು ಓದುಗರಿಗೆ ವಾಸನೆ ಹತ್ತಬೇಕು. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಇಂಥವರಿಗೆ 'ನಂಬಲಾಗದ ನಿರೂಪಕ' ಎನ್ನುವ ಅರ್ಥದ ಹೆಸರು ಕೊಟ್ಟ. ನಮ್ಮಲ್ಲಿ ವಿವೇಕ ಶಾನಭಾಗರ ನೀಳ್ಗತೆ 'ಘಾಚರ್ ಘೋಚರ್' ಇದಕ್ಕೆ ಒಳ್ಳೆಯ ಪಾಠ. ಬೆಂಗಳೂರಿನ ಒಂದು ಕಾಫಿ ಹೌಸಿನಲ್ಲಿ ಕೂತು ಕಥೆ ಹೇಳುವ ಆ ಯುವಕನಿಗೆ ಹೆಸರೂ ಇಲ್ಲ. ಹೇಳುತ್ತಾ ಹೇಳುತ್ತಾ 'ನಾವು, ನಮ್ಮ ಮನೆ' ಎನ್ನುವುದರ ಹಿಂದೆ ಅವನು ಅಡಗಿಕೊಳ್ಳುವುದು ಕಾಣುತ್ತದೆ. ಕನ್ನಡದ 'ನಾವು' ಇದಕ್ಕೆ ಹೇಳಿ ಮಾಡಿಸಿದ ಪದ. ಯಾರೆಲ್ಲ ಸೇರಿದ್ದಾರೆ, ಯಾರು ಸೇರಿಲ್ಲ ಅಂತ ಅದು ಹೇಳುವುದೇ ಇಲ್ಲ. 'ಮನೆ ಕೊಡೋಣ ಅಂತ ನಾವು ತೀರ್ಮಾನ ಮಾಡಿದೆವು' ಎಂದು ವಸುಧಾ ಹೇಳಿದರೆ, ಆ 'ನಾವು' ಒಳಗೆ ಅತ್ತೆ ಇದ್ದಾರಾ?

ನನಗೆ ಕೇಳಿದರೆ, ವಸುಧಾಳನ್ನು 'ಅವಳು' ಆಗಿಯೇ ಇಟ್ಟು 'ತಾನು' ಪದವನ್ನು ದುಡಿಸಿಕೊಳ್ಳಿ. ಇದು ನಮ್ಮ ಭಾಷೆಯ ಚಿನ್ನದಂಥ ಪದ. 'ಈ ಮನೆಯಲ್ಲಿ ಇನ್ನು ನನಗೇನಿದೆ ಎಂದು ವಸುಧಾ ಯೋಚಿಸಿದಳು' ಅಂತ ಬರೆದಿದ್ದೀರಿ. ಸರಿಯಾಗಿಯೇ ಇದೆ. ಈಗ 'ಎಂದು ಯೋಚಿಸಿದಳು' ಕಿತ್ತುಹಾಕಿ, 'ನನಗೆ' ಇದ್ದಲ್ಲಿ 'ತನಗೆ' ಇಡಿ. 'ಈ ಮನೆಯಲ್ಲಿ ಇನ್ನು ತನಗೇನಿದೆ?' ಹೇಳುವವರು ಹೊರಗೇ ಇದ್ದಾರೆ, ಮಾತು ಮಾತ್ರ ವಸುಧಾಳ ಎದೆಯಿಂದ ನೇರವಾಗಿ ಬಂತು. 'ನಾನು' ಮತ್ತು 'ಅವಳು' ನಡುವಿನ ಹೊಸಿಲಿನ ಮೇಲೆ ನಿಂತಿದೆ ಈ 'ತಾನು'. ಜಾಸ್ತಿ ಬಳಸಿದರೆ ಸಪ್ಪೆಯಾಗುತ್ತದೆ, ಪುಟಕ್ಕೆ ಒಂದೆರಡು ಸಾಕು.

ಬರುವುದು ಹೋಗುವುದನ್ನೂ ಒಮ್ಮೆ ನೋಡಿಕೊಳ್ಳಿ. 'ವಸುಧಾ ನಡುಮನೆಗೆ ಬಂದಳು' ಅಂದರೆ ನೋಡುವವರು ನಡುಮನೆಯಲ್ಲಿದ್ದಾರೆ. 'ಹೋದಳು' ಅಂದರೆ ಅಡುಗೆಮನೆಯಲ್ಲೋ ಇನ್ನೆಲ್ಲೋ ಇದ್ದಾರೆ.

ಕೊನೆಗೆ 'ಅಂತೆ'. ಇದರ ಬಗ್ಗೆ ಬರೆಯಲು ನನಗೆ ಒಂದು ಸ್ವಂತ ಕಾರಣ ಇದೆ. ನಮ್ಮ ತಂದೆ ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಬಸ್ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಷ್ಟೋ ವರ್ಷದ ಮೇಲೆ ಆ ರಾತ್ರಿಯ ಬಗ್ಗೆ ನಾನು-ಕಥೆ ಬರೆದೆ. 'ಅಪ್ಪ ಕೊನೆಗೆ ನೀರು ಕೇಳಿದರು' ಅಂತ ಒಂದು ಸಾಲು. ಓದಿದ ಗೆಳೆಯರೊಬ್ಬರು ಮೆಲ್ಲಗೆ ಕೇಳಿದರು: ಆಗ ನೀವು ಅಲ್ಲಿದ್ದಿರಾ? ನನಗೆ ಉತ್ತರ ಹೊರಡಲಿಲ್ಲ. ಮನೆಗೆ ಬಂದು ಆ ಸಾಲಿಗೆ ಎರಡು ಅಕ್ಷರ ಸೇರಿಸಿದೆ. 'ಅಪ್ಪ ಕೊನೆಗೆ ನೀರು ಕೇಳಿದರಂತೆ.' ನಾನು ಅಲ್ಲಿರಲಿಲ್ಲ, ನೀರು ಕೊಟ್ಟದ್ದು ಬೇರೆಯವರು, ನನಗೆ ಸಿಕ್ಕಿದ್ದು ಬರೀ ಸುದ್ದಿ. ಇಷ್ಟನ್ನೂ ಆ 'ಅಂತೆ' ಹೊತ್ತುಕೊಂಡಿತು. ಅಜ್ಜಿ ಕಥೆಗಳಲ್ಲಿ ಒಬ್ಬ ರಾಜ ಇದ್ದನಂತೆ ಎಂದು ಕೇಳುವಾಗ ಆ ಪದದಲ್ಲಿ ಇಷ್ಟು ದುಃಖವೂ ಹಿಡಿಸುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಇದನ್ನು ಇಟ್ಟುಕೊಂಡು ನಿಮ್ಮ ಕಥೆಯ ಕೊನೆಗೆ ಬನ್ನಿ. 'ಸಂಪಿಗೆ ಮರವನ್ನು ಕಡಿದರು. ಹೂವೆಲ್ಲ ಮಣ್ಣಾಯಿತು' ಅಂತ ಮುಗಿಸಿದ್ದೀರಿ. ಅಷ್ಟು ಹೊತ್ತಿಗೆ ವಸುಧಾ ಯಲಹಂಕದ ಬಾಡಿಗೆ ಮನೆಯಲ್ಲಿದ್ದಾಳೆ, ಅತ್ತೆಯೂ ಅಲ್ಲೇ ಇದ್ದಾರೆ. ಬಿಲ್ಡರ್‌ಗೆ ಮರದ ಕಡೆ ಗಮನವಿಲ್ಲ. ಮರ ಬಿದ್ದದ್ದನ್ನು ನೋಡಿದವರು ಯಾರು? ನಿಮ್ಮ ಪಾತ್ರಗಳಲ್ಲಿ ಇನ್ನೂ ಆ ಕ್ರಾಸಿನಲ್ಲಿ ಓಡಾಡುವವರು ಒಬ್ಬರೇ, ಪಕ್ಕದ ಮನೆಗೆ ಕೆಲಸಕ್ಕೆ ಹೋಗುವ ಗೌರಮ್ಮ. ಅವರ ಹತ್ತಿರ ಮೊಬೈಲ್ ಇದೆ, ಮೊದಲ ಪುಟದಲ್ಲೇ ನೀವು ಹೇಳಿದ್ದೀರಿ. ಫೋನ್ ಬರಲಿ. ವಸುಧಾ ಎತ್ತಲಿ. ಗೌರಮ್ಮ ಏನು ಹೇಳಿದರು ಅನ್ನುವುದನ್ನು ಬರೆಯಬೇಡಿ. ಫೋನ್ ಇಟ್ಟ ಮೇಲೆ ಅತ್ತೆ 'ಯಾರದು?' ಅಂತ ಕೇಳುತ್ತಾರಲ್ಲ, ಅಲ್ಲಿಂದ ಮುಂದೆ ವಸುಧಾ 'ಅಂತೆ' ಹಚ್ಚಿ ಹೇಳುತ್ತಾಳೋ, ಹೇಳದೇ ಇರುತ್ತಾಳೋ, ಅದನ್ನು ಬರೆದು ಕಳಿಸಿ. ಓದಲು ಕಾಯುತ್ತಿರುತ್ತೇನೆ.